ಗೆಳೆಯನ ಬಿಡಾರ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಪಂಡಿತರು ಮೊದಲನೆಯದನ್ನು ಮೊದಲು ಹೇಳುತ್ತಾರೆ; ನಮ್ಮ ಹಳ್ಳಿಯ ಅಜ್ಜಿಯರು ಎರಡನೆಯದನ್ನೇ ಬಳಸುತ್ತಾರೆ. ‘ಅಯ್ಯೋ, ಪರದೇಶಿ ಮಗು’ ಎಂದು ಅವರು ಮರುಗುವಾಗ ಆ ಮಗು ಯಾವ ದೇಶವನ್ನೂ ಬಿಟ್ಟು ಬಂದಿರುವುದಿಲ್ಲ. ಅದಕ್ಕೆ ತನ್ನದೆನ್ನುವ ಒಂದು ಹೊಸಿಲು ಇರುವುದಿಲ್ಲ, ಅಷ್ಟೆ. ಊರು ಬಿಟ್ಟವನಿಗೂ ಹೊಸಿಲಿಲ್ಲದವನಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಲೋಕ ಕಂಡವರೆಂದೇ ಹೇಳಬೇಕು.

ಇವತ್ತು ಪರದೇಶಿಯಾಗುವುದಕ್ಕೆ ಸಮುದ್ರ ದಾಟಬೇಕಾಗಿಲ್ಲ. ತಿಪಟೂರಿನಲ್ಲಿ ಬಸ್ಸು ಹತ್ತಿ, ತುಮಕೂರು, ನೆಲಮಂಗಲ ದಾಟಿ, ದಾಸರಹಳ್ಳಿಯಲ್ಲಿ ಇಳಿದರೆ ಸಾಕು. ನಾನು ಈ ಹೊತ್ತು ಹೇಳಹೊರಟಿರುವುದು ಹಾಗೆ ಇಳಿದು, ಇಪ್ಪತ್ತೆರಡು ವರ್ಷದಿಂದ ಪೀಣ್ಯದಲ್ಲಿಯೇ ಇರುವ ನನ್ನೊಬ್ಬ ಬಾಲ್ಯದ ಗೆಳೆಯನ ವಿಚಾರ; ಅದಕ್ಕಿಂತ ಹೆಚ್ಚಾಗಿ, ಅವನ ಬಿಡಾರದ ವಿಚಾರ. ಗೆಳೆಯನ ಹೆಸರು ಬೇಡ. ಈ ಮಾತು ಕೇಳುತ್ತಿರುವವರಲ್ಲಿ ಬಹಳ ಮಂದಿಗೆ ಅಂಥ ಗೆಳೆಯನೊಬ್ಬ, ತಮ್ಮನೊಬ್ಬ, ಮಗನೊಬ್ಬ ಇದ್ದೇ ಇರುತ್ತಾನೆ. ಆ ಹೆಸರನ್ನು ಹಾಕಿಕೊಂಡು ಕೇಳಿದರಾಯಿತು.

ಅಮೆರಿಕಕ್ಕೆ ಹೋದವರ ಮನೆಯನ್ನು ನಾವು ಕಾಣದೆಯೂ ಬಲ್ಲೆವು. ಹುಲ್ಲುಹಾಸು, ಕಾರು, ಮಂಜು ಬಿದ್ದ ಅಂಗಳ ಎಲ್ಲವೂ ಫೋನಿನಲ್ಲಿ ಬರುತ್ತವೆ. ಅಲ್ಲಿಯೂ ಮೊದಲ ವರ್ಷಗಳಲ್ಲಿ ನಾಲ್ಕು ಜನ ಒಂದು ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದರ ಚಿತ್ರ ಮಾತ್ರ ಬರುವುದಿಲ್ಲ. ಪೀಣ್ಯಕ್ಕೆ ಹೋದವನಿಂದ ಯಾವ ಚಿತ್ರವೂ ಬರುವುದಿಲ್ಲ. ಹಬ್ಬಕ್ಕೆ ಅವನೇ ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಸೇರಿನ ಲೆಕ್ಕದಲ್ಲಿ ಮಿಠಾಯಿ ತರುತ್ತಾನೆ. ‘ಒಂದು ಸಾರಿ ನಿಮ್ಮನೆಗೆ ಬರಬೇಕು ಕಣಪ್ಪ’ ಎಂದರೆ, ‘ಬನ್ನಿ ಬನ್ನಿ’ ಎನ್ನುತ್ತಾನೆ. ಯಾವಾಗ ಎಂದು ಮಾತ್ರ ಹೇಳುವುದಿಲ್ಲ.

2024ರ ಬೇಸಿಗೆಯಲ್ಲಿ ನಾನು ಬೆಂಗಳೂರಿಗೆ ಹೋಗಬೇಕಾದ ಕೆಲಸ ಬಿತ್ತು. ಭಾನುವಾರ ಸಿಗುತ್ತೇನೆಂದು ಗೆಳೆಯನಿಗೆ ಫೋನು ಮಾಡಿದೆ. ದಾಸರಹಳ್ಳಿ ಮೆಟ್ರೋ ನಿಲ್ದಾಣದ ಕೆಳಗೆ ಬಂದು ಕಾದಿದ್ದ. ಕೈಹಿಡಿದುಕೊಂಡು ನೆಟ್ಟಗೆ ಹೋಟೆಲಿಗೆ ಕರೆದುಕೊಂಡು ಹೊರಟ. ‘ಮನೆಗೆ ನಡಿಯೋ’ ಎಂದೆ. ‘ಮನೇಗೆ ಸುಣ್ಣ ಹೊಡೀತಾವ್ರೆ ಕಣೋ, ಸಾಮಾನೆಲ್ಲ ಹೊರಗೈತೆ’ ಎಂದ. ‘ಸುಣ್ಣದ ವಾಸನೆ ನನಗೇನು ಹೊಸದೇ? ನಡಿ, ನಾನೂ ಒಂದು ಕೈ ಹಚ್ಚುತ್ತೇನೆ’ ಎಂದೆ. ಅವನು ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ನಕ್ಕುಬಿಟ್ಟ. ‘ನಡಿ ಮತ್ತೆ’ ಎಂದ.

ಇಪ್ಪತ್ತಡಿಗೆ ಮೂವತ್ತಡಿ ನಿವೇಶನ. ಅದರ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಎರಡರಂತೆ ಆರು ಮನೆ. ಅಲ್ಲಿಯ ಜನ ಅದನ್ನು ಈಗಲೂ ವಠಾರವೆಂದೇ ಕರೆಯುತ್ತಾರೆ. ಹಳೆಯ ವಠಾರ ನೆಲದ ಮೇಲೆ ಉದ್ದಕ್ಕೆ ಮಲಗಿತ್ತು, ಇದು ಎದ್ದು ನಿಂತಿದೆ, ವ್ಯತ್ಯಾಸ ಅಷ್ಟೇ. ಸ್ನಾನದ ಮನೆ ಒಂದು, ಪಾಯಖಾನೆ ಎರಡು. ಅವು ನೆಲದ ಮಟ್ಟದಲ್ಲಿ, ಸಂಪಿನ ಪಕ್ಕದಲ್ಲಿ. ನನ್ನ ಗೆಳೆಯನ ಮನೆ ಎರಡನೆಯ ಮಹಡಿ, ಮೂವತ್ತಾರು ಮೆಟ್ಟಿಲು. ಮೇಲಿನ ಅಂತಸ್ತಾದ್ದರಿಂದ ತಾರಸಿಯಿಲ್ಲ, ಸಿಮೆಂಟು ಶೀಟು. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನ ಕೆಳಗೆ ಕುಳಿತವನಿಗೆ ರೊಟ್ಟಿಯ ಕಷ್ಟ ತಾನೇ ತಿಳಿಯುತ್ತದೆ.

ಒಳಗೆ ಹತ್ತಡಿಗೆ ಹತ್ತಡಿ. ಒಂದು ಮೂಲೆಗೆ ಕಡಪ ಕಲ್ಲಿನ ಅಡುಗೆ ಕಟ್ಟೆ. ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಆ ಎತ್ತರದಿಂದ ಸಿಕ್ಕ ಜಾಗದಲ್ಲಿ ಅಕ್ಕಿ ಮೂಟೆ, ಎರಡು ಸೂಟ್‌ಕೇಸು, ಮಗನ ಸೈಕಲ್ಲಿನ ಪಂಪು, ಹೊಲಿಗೆ ಯಂತ್ರದ ತಲೆ. ಗೋಡೆಯಿಂದ ಗೋಡೆಗೆ ದಾರ, ದಾರದ ತುಂಬ ಬಟ್ಟೆ. ಕಿಟಕಿ ಇತ್ತು, ತೆರೆದೂ ಇತ್ತು. ಆದರೆ ಅದು ತೆರೆದದ್ದು ಪಕ್ಕದ ಕಟ್ಟಡದ ಗೋಡೆಗೆ. ಹಗಲು ಹನ್ನೊಂದು ಗಂಟೆಗೂ ಟ್ಯೂಬ್‌ಲೈಟು ಉರಿಯಬೇಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಖರ್ಚಿನ ವಿಷಯದಲ್ಲಿ ಹೇಳುತ್ತೇವೆ. ಆ ಮನೆಯಲ್ಲಿ ಅದು ಗಾದೆಯಲ್ಲ, ದಿನಚರಿ. ರಾತ್ರಿ ಮಕ್ಕಳಿಬ್ಬರೂ ಮಂಚದ ಮೇಲೆ, ತಾಯಿ ಮಂಚದ ಪಕ್ಕ. ಉದ್ದನೆಯ ಆಳಾದ ನನ್ನ ಗೆಳೆಯ ಕಾಲುಗಳನ್ನು ಅಡುಗೆ ಕಟ್ಟೆಯ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕ ಇಟ್ಟುಕೊಂಡು ಮಲಗುತ್ತಾನೆ.

‘ಬನ್ನಿ ಅಣ್ಣಾ, ಕೂತ್ಕಳಿ’ ಎಂದಳು ಅವನ ಹೆಂಡತಿ. ಆಕೆ ವಾರದಲ್ಲಿ ಆರು ದಿನ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರು ಹೊಲಿಯುತ್ತಾಳೆ. ಅವನು ಲೇತ್ ಯಂತ್ರದಲ್ಲಿ ಕೈಪಳಗಿ, ಈಗ ಕಂಪ್ಯೂಟರಿನ ಹಿಡಿತದ ಯಂತ್ರವೊಂದನ್ನು ನಡೆಸುತ್ತಾನೆ. ಆ ಯಂತ್ರದ ಬೆಲೆಯಲ್ಲಿ ಆ ವಠಾರವನ್ನೇ ಕೊಳ್ಳಬಹುದೆಂದು ಅವನೇ ನಗುತ್ತ ಹೇಳಿದ. ಯಂತ್ರಕ್ಕೆ ಶೆಕೆಯಾಗಬಾರದೆಂದು ಕಾರ್ಖಾನೆಯಲ್ಲಿ ಹವಾನಿಯಂತ್ರಣ ಹಾಕಿಸಿದ್ದಾರಂತೆ.

ಆ ವರ್ಷ ಬೆಂಗಳೂರಿನಲ್ಲಿ ನೀರಿಗೆ ಬಂದ ಬರವನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೀರಿ. ವಠಾರದ ಕೊಳವೆಬಾವಿ ಬತ್ತಿ, ಟ್ಯಾಂಕರು ಬಂದ ದಿನವೇ ಹಬ್ಬವಾಗಿತ್ತು. ಬಾವಿಯಲ್ಲಿ ನೀರಿದ್ದಾಗಲೂ ಅದನ್ನು ಕುಡಿಯುವವರಿಲ್ಲ. ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳು ಪೀಣ್ಯದಲ್ಲಿ ಬಹಳ. ಅಲ್ಲಿಯ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದ ವಿಷಯ. ಆದ್ದರಿಂದ ಕುಡಿಯುವ ನೀರು ಕ್ಯಾನಿನಲ್ಲಿ ಬರಬೇಕು, ಮೂವತ್ತಾರು ಮೆಟ್ಟಿಲು ಹತ್ತಬೇಕು. ನನ್ನ ಮುಂದೆ ಆಕೆ ಇಟ್ಟ ಒಂದು ಚೊಂಬು ನೀರಿಗೆ ಎಷ್ಟು ಬೆಲೆಯೆಂಬುದು ನನಗೆ ಆಗ ತಿಳಿಯಿತು. ಅಂತೂ ಮುದ್ದೆ, ಹುರುಳಿಕಾಳಿನ ಸಾರು, ನಾನು ಊರಿನಿಂದ ಒಯ್ದಿದ್ದ ಕಾಯಿಯ ಚಟ್ನಿ. ಊಟಕ್ಕೆ ಯಾವ ಕೊರತೆಯೂ ಆಗಲಿಲ್ಲ.

ಸಂಜೆ ಕಳೆದ ಮೇಲೆ ಮಗಳು ಪುಸ್ತಕ ಹಿಡಿದು ಹೊರಟಳು. ಎಲ್ಲಿಗಮ್ಮ ಎಂದೆ. ‘ಮೆಟ್ಟಿಲಿಗೆ ದೊಡ್ಡಪ್ಪ, ಅಲ್ಲಿ ಲೈಟು ಐತೆ’ ಎಂದಳು. ಪಿಯುಸಿ ಓದುವ ಹುಡುಗಿ. ಒಳಗೆ ಅಡುಗೆ, ತಮ್ಮನ ಟಿವಿ, ಬಂದ ನೆಂಟ. ಇಷ್ಟರ ನಡುವೆ ಓದುವುದು ಎಲ್ಲಿ? ನಾವಿಬ್ಬರೂ ಅವಳನ್ನು ದಾಟಿಕೊಂಡು ಕೆಳಗಿಳಿದು ಬೀದಿಯಲ್ಲಿ ನಿಂತೆವು. ಅಲ್ಲಿ ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಆಡಿದ. ಊರಿನಲ್ಲಿ ಅವನ ತಾಯಿ ಒಬ್ಬರೇ ಇದ್ದಾರೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ವಾರಗಟ್ಟಲೆ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು, ಊರಿನಲ್ಲಿ ಬಿಡುವವರಿಲ್ಲ. ಇಲ್ಲಿಗೆ ಕರೆತರೋಣವೆಂದರೆ ಈ ಮೆಟ್ಟಿಲು, ಆ ಪಾಯಖಾನೆ. ‘ಅವ್ವ ಬೆಂಗಳೂರಲ್ಲಿ ನನಗೆ ಮನೆ ಐತೆ ಅಂದ್ಕಂಡವ್ಳೆ ಕಣೋ. ಇದನ್ನ ನೋಡಿದ್ರೆ ಏನಂದ್ಕತಾಳೆ? ನೀನು ಊರಿಗೋದಾಗ, ಇನ್ನೂ ಮನೆ ರಿಪೇರಿ ಆಗ್ತೈತೆ ಅಂತ ಹೇಳು’ ಎಂದ. ಸುಳ್ಳು ಹೇಳುವುದು ಕಷ್ಟವಲ್ಲ. ಆದರೆ ಈ ಸುಳ್ಳಿಗೆ ಬೆಲೆ ತೆರಬೇಕಾದದ್ದು ಆ ಮುದುಕಿಯ ಕಣ್ಣು. ನಾನು ಹೂಂ ಎನ್ನಲಿಲ್ಲ.

ಈ ಕೋಣೆ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ಯೋಚಿಸೋಣ. ಬೆಂಗಳೂರಿಗೆ ಕಾರ್ಖಾನೆಗಳು ಬಂದದ್ದು ಹೊಸದೇನಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ಈ ದೊಡ್ಡ ಸರ್ಕಾರಿ ಕಾರ್ಖಾನೆಗಳು ತಮ್ಮ ಜೊತೆಗೆ ಕಾಲೋನಿಯನ್ನೂ ತಂದವು. ಸಾಲುಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು. ಎಲ್ಲ ಕೆಲಸಗಾರರಿಗೂ ಮನೆ ಸಿಕ್ಕಿತೆಂದಲ್ಲ. ಆದರೆ ಕೆಲಸಗಾರನಿಗೆ ಮನೆ ಬೇಕೆಂಬುದು ಕಾರ್ಖಾನೆಯ ನಕ್ಷೆಯಲ್ಲಿಯೇ ಇತ್ತು. 1970ರ ದಶಕದಲ್ಲಿ ಅದೇ ಜಾಲಹಳ್ಳಿಯ ಮಗ್ಗುಲಿಗೆ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿದಾಗ ಬಂದವು ಸಾವಿರಾರು ಸಣ್ಣ ಕಾರ್ಖಾನೆಗಳು. ಹತ್ತು ಜನರಿಂದ ಕೆಲಸ ಮಾಡಿಸುವ ಸಣ್ಣ ಯಜಮಾನ ಕಾಲೋನಿ ಕಟ್ಟುವುದೆಲ್ಲಿಂದ ಬಂತು? ಶೆಡ್ಡಿಗೆ ಜಾಗ ಹಂಚಿದರು, ರಸ್ತೆ ಹಾಕಿದರು, ವಿದ್ಯುತ್ತು ಕೊಟ್ಟರು. ಯಂತ್ರ ನಡೆಸುವವನು ರಾತ್ರಿ ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಯನ್ನು ಸುತ್ತಲಿನ ಹಳ್ಳಿಗಳಿಗೆ ಬಿಟ್ಟರು.

ಚೊಕ್ಕಸಂದ್ರ, ಹೆಗ್ಗನಹಳ್ಳಿ, ಲಗ್ಗೆರೆ, ಅಂದ್ರಹಳ್ಳಿಗಳು ಆ ಪ್ರಶ್ನೆಗೆ ತಮಗೆ ತೋಚಿದ ಉತ್ತರ ಕೊಟ್ಟವು. ರಾಗಿಯ ಹೊಲ ನಿವೇಶನವಾಯಿತು, ನಿವೇಶನದ ಮೇಲೆ ವಠಾರ ಎದ್ದಿತು. 2007ರಲ್ಲಿ ದಾಸರಹಳ್ಳಿ ನಗರಸಭೆಯೂ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವ ಹೊತ್ತಿಗೆ ಮನೆಗಳು ಮೊದಲೇ ಎದ್ದಾಗಿತ್ತು. ಕೊಳಾಯಿ, ಚರಂಡಿಗಳು ಅವನ್ನು ಹಿಂದಿನಿಂದ ಅಟ್ಟಿಸಿಕೊಂಡು ಬರಬೇಕಾಯಿತು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬರುತ್ತದೆ.

ಕಟ್ಟಡಗಳ ರಾಷ್ಟ್ರೀಯ ಸಂಹಿತೆಯೆಂಬುದೊಂದಿದೆ. ಅದರ ಪ್ರಕಾರ, ಮನೆಯಲ್ಲಿ ವಾಸದ ಕೋಣೆ ಒಂದೇ ಇದ್ದರೆ ಅದು 9.5 ಚದರ ಮೀಟರಿಗೆ ಕಡಿಮೆಯಿರಬಾರದು. ಹತ್ತಡಿಗೆ ಹತ್ತಡಿಯನ್ನು ಲೆಕ್ಕ ಹಾಕಿದರೆ 9.3 ಚದರ ಮೀಟರು ಬರುತ್ತದೆ. ಅಂದರೆ ಪೀಣ್ಯದ ಸಾಮಾನ್ಯ ಕೋಣೆ ಅತಿ ಕನಿಷ್ಠಕ್ಕಿಂತಲೂ ಒಂದು ಗೇಣು ಕಡಿಮೆ. ಅದರೊಳಗೇ ಅಡುಗೆಯೂ ಆಗಬೇಕು. 1920ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಮುಂಬಯಿಯ ಕೆಲಸಗಾರರಿಗೆಂದು ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದೊಂದು ಕೋಣೆ 160 ಚದರಡಿ. ಚಾಳೆಂದರೆ ಇಕ್ಕಟ್ಟಿಗೇ ಇನ್ನೊಂದು ಹೆಸರೆಂದು ನಾವು ಕೇಳುತ್ತ ಬಂದಿದ್ದೇವೆ. ನೂರು ವರ್ಷದ ತರುವಾಯ ನಮ್ಮ ರಾಜಧಾನಿಯ ಅಂಚಿನಲ್ಲಿ ಅದರ ಮೂರನೆಯ ಎರಡು ಭಾಗಕ್ಕೂ ಕಡಿಮೆ ಜಾಗದಲ್ಲಿ ಒಂದು ಸಂಸಾರ ನಡೆಯುತ್ತಿದೆ. ಅದಕ್ಕೆ ತಿಂಗಳಿಗೆ ಬಾಡಿಗೆ 5,500 ರೂಪಾಯಿ. ಬೆಂಗಳೂರಿನ ವಾಡಿಕೆಯಂತೆ ಅದರ ಹತ್ತರಷ್ಟು ಮುಂಗಡ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಬೇಡವೆನ್ನುತ್ತದೆ. ಮಾದರಿ ಇರುವುದು ಕಾಗದದಲ್ಲಿ, ವಾಡಿಕೆ ಇರುವುದು ಬೀದಿಯಲ್ಲಿ.

ಪೀಣ್ಯವನ್ನೊಂದನ್ನೇ ಹೇಳಿದರೆ ಅನ್ಯಾಯವಾದೀತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ, 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ಅಲ್ಲಿಗೆ 2010ರಲ್ಲಿ ಹತ್ತು ಕಿಲೋಮೀಟರಿನ ಮೇಲುರಸ್ತೆ, 2025ರ ಆಗಸ್ಟಿನಲ್ಲಿ ಮೆಟ್ರೋ ಬಂದವು. ಆ ಮೇಲುರಸ್ತೆಯ ಕೆಳಗಿನ ಓಣಿಗಳಲ್ಲಿ ಪಿಜಿಗಳೆಂಬ ಕಟ್ಟಡಗಳಿವೆ. ಕೋಣೆಗೆ ಮೂರೋ ನಾಲ್ಕೋ ಮಂಚ, ಮಂಚಕ್ಕೊಬ್ಬ ಎಂಜಿನಿಯರು. ಗದಗಿನ, ಶಿರಸಿಯ, ಕುಂದಾಪುರದ ಮನೆಗಳಲ್ಲಿ ‘ನಮ್ಮ ಹುಡುಗ ಸಾಫ್ಟ್‌ವೇರಿನಲ್ಲಿದ್ದಾನೆ’ ಎಂಬ ಹೆಮ್ಮೆ. ಹುಡುಗ ಇರುವುದು ಆರಡಿಗೆ ಮೂರಡಿಯಲ್ಲಿ. ವೈಟ್‌ಫೀಲ್ಡಿನ ಕಥೆ ಇನ್ನೂ ವಿಚಿತ್ರ. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ-ಇಂಡಿಯನ್ ಸಂಸಾರಗಳು ಬೇಸಾಯ ಮಾಡಿಕೊಂಡು ನೆಲೆ ನಿಲ್ಲಲೆಂದು 3,900 ಎಕರೆ ಕೊಟ್ಟಾಗ ಹುಟ್ಟಿದ ಊರು ಅದು. ಮನೆಯಿಲ್ಲದವರಿಗೆ ಮನೆಯಾಗಲೆಂದು ಆರಂಭವಾದ ಆ ಊರಿನ ಗಾಜಿನ ಗೋಪುರಗಳ ಬೆನ್ನಿಗೆ ಇಂದು ತಗಡಿನ ಗುಡಿಸಲುಗಳ ಸಾಲುಗಳಿವೆ. ಗೋಪುರಗಳನ್ನು ಕಟ್ಟಿದವರೂ ಗುಡಿಸುವವರೂ ಅಲ್ಲಿದ್ದಾರೆ.

2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ‘ಮನೆಯಲ್ಲೇ ಇರಿ’ ಎಂದು ನಮಗೆಲ್ಲ ಹೇಳಿದರು. ನನ್ನ ಗೆಳೆಯನ ವಠಾರದ ಕೆಳಗಿನ ಕೋಣೆಯಲ್ಲಿ ಒಡಿಶಾದ ನಾಲ್ವರು ಹುಡುಗರಿದ್ದಾರೆ. ಇಬ್ಬರದು ಹಗಲು ಪಾಳಿ, ಇಬ್ಬರದು ರಾತ್ರಿ ಪಾಳಿ. ಎರಡು ಚಾಪೆಯನ್ನು ನಾಲ್ವರು ಸರದಿಯಲ್ಲಿ ಬಳಸುತ್ತಾರೆ. ಆ ಕೋಣೆ ನಾಲ್ವರೂ ಒಟ್ಟಿಗೆ ಇರುವುದಕ್ಕೆಂದು ಇದ್ದದ್ದೇ ಅಲ್ಲ. ಊರಿಗೆ ಹೋಗುವ ರೈಲಿಗಾಗಿ ಸಾವಿರಾರು ಜನ ಏಕೆ ಹಾಗೆ ಹಾತೊರೆದರೆಂದು ಪಟ್ಟಣದವರು ಆಶ್ಚರ್ಯಪಟ್ಟರು. ಹಸಿವು, ಭಯ ಎರಡೂ ಇದ್ದವು. ಅವುಗಳ ಜೊತೆಗೆ ಈ ಕೋಣೆಯ ಅಳತೆಯೂ ಇತ್ತು.

ಇರಲಿ. ನಾನು ಊರಿಗೆ ಹಿಂತಿರುಗಿ ಆ ತಾಯಿಯನ್ನು ಕಂಡೆ. ಮಗ ಚೆನ್ನಾಗಿದ್ದಾನೆ, ಸೊಸೆ ಮಕ್ಕಳು ಚೆನ್ನಾಗಿದ್ದಾರೆ ಎಂದೆ. ಆಕೆ ಮನೆ ಹೇಗಿದೆಯೆಂದು ಕೇಳಲಿಲ್ಲ. ‘ಬಚ್ಚಲು ಮನೆ ಒಳಗೈತೋ ಹೊರಗೈತೋ?’ ಎಂದು ಕೇಳಿದರು. ‘ಹೊರಗೆ ಅವ್ವ, ಕೆಳಗಡೆ’ ಎಂದೆ. ‘ಮೆಟ್ಲೆಷ್ಟು?’ ‘ಮೂವತ್ತಾರು.’ ಆಕೆ ತಲೆಯಾಡಿಸಿದರು. ‘ಗೊತ್ತಿತ್ತು ಕಣಪ್ಪ. ಅವ್ನು ಫೋನು ಮಾಡಿದಾಗ್ಲೆಲ್ಲ ಜನ ಹತ್ತಿ ಇಳಿಯೋ ಸದ್ದು ಕೇಳ್ತೈತೆ. ಮನೆ ಒಳಗೆ ಜಾಗ ಇದ್ದೋನು ಮೆಟ್ಲ ಮೇಲೆ ಕೂತು ಯಾಕೆ ಮಾತಾಡ್ತಾನೆ?’ ಎಂದರು. ಕಣ್ಣಿಗೆ ಪೊರೆ ಬಂದಿದ್ದರೂ ಆಕೆ ಮಗನ ಮನೆಯನ್ನು ಎಲ್ಲರಿಗಿಂತ ಮೊದಲು ನೋಡಿದ್ದರು. ಈ ಮಾತನ್ನು ನಾನು ಆ ಹೊತ್ತೇ ಗೆಳೆಯನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಬಹಳ ಹೊತ್ತು ಏನೂ ಆಡಲಿಲ್ಲ.

ಮುಂದಿನ ತಿಂಗಳು ಅವನು ಬಂದು ತಾಯಿಯನ್ನು ಕರೆದುಕೊಂಡು ಹೋದ. ಮೆಟ್ಟಿಲಿನ ತೊಡಕನ್ನು ಬಿಡಿಸಿದವರು ಒಡಿಶಾದ ಆ ಹುಡುಗರು. ತಮ್ಮ ಕೆಳಗಿನ ಕೋಣೆಯನ್ನು ಅಜ್ಜಿಗೂ ಸೊಸೆಗೂ ಮೊಮ್ಮಗಳಿಗೂ ಬಿಟ್ಟುಕೊಟ್ಟು, ಅವರು ಮೇಲೆ ನನ್ನ ಗೆಳೆಯನ ಜೊತೆ ಪಾಳಿಯ ಮೇಲೆ ಮಲಗಿದರು. ಹೀಗೆ ಮೂರು ವಾರ. ಅಜ್ಜಿಗೆ ಒಡಿಯಾ ಬಾರದು, ಆ ಹುಡುಗರಿಗೆ ಕನ್ನಡ ಅರೆಬರೆ. ಸೊಸೆ ಕೆಲಸಕ್ಕೆ ಹೋದ ಮೇಲೆ, ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನೊಬ್ಬ ದಿನವೂ ತಪ್ಪದೆ ಔಷಧಿ ಬಿಟ್ಟು ಮಲಗುತ್ತಿದ್ದನಂತೆ. ಒಂದು ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಇನ್ನೊಂದಕ್ಕೂ ಅದೇ ಕೋಣೆಯೇ ಆಗಬೇಕೆಂದು ಆಕೆ ಹಟ ಹಿಡಿದಿದ್ದಾರೆ.

ಇದರಿಂದ ಆ ಕೋಣೆ ಅರಮನೆಯಾಯಿತೆಂದು ಹೇಳಿದರೆ ಅದು ಬರೀ ಭಾವುಕತೆ. ಜನ ಒಳ್ಳೆಯವರಾದ ಮಾತ್ರಕ್ಕೆ ಶೀಟು ತಣ್ಣಗಾಗುವುದಿಲ್ಲ, ಆರು ಮನೆಗೆ ಎರಡು ಪಾಯಖಾನೆ ಸಾಲುವುದಿಲ್ಲ. ಗುತ್ತಿಗೆದಾರರು ಹೊರರಾಜ್ಯದಿಂದ ಕರೆತಂದ ಕೆಲಸಗಾರರಿಗೆ ತಕ್ಕ ವಸತಿ ಒದಗಿಸಬೇಕೆಂದು 1979ರ ಕಾಯ್ದೆ ಹೇಳಿತ್ತು. ಕೈಗೆಟಕುವ ಬಾಡಿಗೆಯ ಮನೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆಯನ್ನೂ ಹೊರಡಿಸಿತು. ಮಾತು ಹುಟ್ಟಿದೆ, ಇಟ್ಟಿಗೆ ಹುಟ್ಟಬೇಕು. ಕಾರ್ಖಾನೆಗೆ ಒಂದು ಎಕರೆ ಹಂಚುವಾಗ ಅದರ ಕೆಲಸಗಾರರು ಮಲಗುವುದಕ್ಕೆ ಎಷ್ಟು ಗುಂಟೆ ಎಂದು ಅದೇ ನಕ್ಷೆಯಲ್ಲಿ ಬರೆದರೆ, ಮುಂದಿನ ಪೀಣ್ಯಕ್ಕಾದರೂ ಈ ಪಾಡು ತಪ್ಪೀತು. ಜಾಲಹಳ್ಳಿಯಲ್ಲಿ ಎಪ್ಪತ್ತು ವರ್ಷದ ಹಿಂದೆ ಆದದ್ದು ಈಗ ಆಗಲಾರದೆಂದು ನಾನು ನಂಬಲಾರೆ.

ಅಲ್ಲಿಯವರೆಗೆ ನಾವು, ಊರಿನಲ್ಲಿರುವವರು, ಮಾಡಬಹುದಾದ್ದು ಒಂದುಂಟು. ಅದೇನೆಂದರೆ ಅಂಥ ಮನೆಗೆ ಹೋಗಿ ಬರುವುದು, ಹೋಗುವ ಕ್ರಮವರಿತು ಹೋಗುವುದು. ರಜೆಯ ದಿನ ಕೇಳಿಕೊಂಡು ಹೋಗಿ. ರಾತ್ರಿ ಪಾಳಿಯವನ ನಿದ್ದೆಯ ಹೊತ್ತಿಗೆ ಬಾಗಿಲು ಬಡಿಯಬೇಡಿ. ಮಿಠಾಯಿ ಬೇಡ, ಕಾಯಿ, ಹುರುಳಿ, ಹುಣಿಸೆಹಣ್ಣು ಒಯ್ಯಿರಿ, ಅವು ಬಾಡಿಗೆಯ ಮನೆಯಲ್ಲಿ ಹಣಕ್ಕೆ ಸಮ. ‘ಇಷ್ಟೇನಾ ಮನೆ?’ ಎಂದು ಬಾಯಿತಪ್ಪಿಯೂ ಅನ್ನಬೇಡಿ. ‘ಚೆನ್ನಾಗಿದೆ’ ಎಂದು ಸುಳ್ಳನ್ನೂ ಹೇಳಬೇಡಿ. ಎರಡಕ್ಕೂ ಬದಲು ನೆಲದ ಮೇಲೆ ಕುಳಿತುಬಿಡಿ. ನೀರಿನ ಕ್ಯಾನು ಕೆಳಗಿದ್ದರೆ ಒಂದನ್ನು ಹೆಗಲಿಗೇರಿಸಿಕೊಂಡು ಮೇಲೆ ತನ್ನಿ. ಊಟ ಮಾಡಿ, ಖಂಡಿತ ಮಾಡಿ. ಬೇಡವೆಂದರೆ ಆ ಮನೆಯಾಕೆಗೆ ಕೋಣೆಯ ಅಳತೆಗಿಂತ ಅದೇ ಹೆಚ್ಚು ನೋವು. ಊರಿಗೆ ಬಂದ ಮೇಲೆ ಅರಳಿಕಟ್ಟೆಯಲ್ಲಿ ಕುಳಿತು ಕಂಡದ್ದನ್ನು ಹರಡಬೇಡಿ. ಹೇಳಲೇಬೇಕಾದವರಿಗೆ ಮಾತ್ರ ನಿಜ ಹೇಳಿ.

ಆ ಕೋಣೆಯ ಬಗ್ಗೆ ನಾಚಿಕೆಪಡಬೇಕಾದವರು ಯಾರಾದರೂ ಇದ್ದರೆ ಅದು ಅದರೊಳಗೆ ಕಾಲು ಮಡಚಿ ಮಲಗಿ, ಊರಿನ ಸಾಲ ತೀರಿಸಿ, ಮಗಳನ್ನು ಓದಿಸುತ್ತಿರುವವನಂತೂ ಅಲ್ಲ. ಅಷ್ಟನ್ನು ಅವನಿಗೆ ಯಾರಾದರೂ ಒಬ್ಬರು, ಅವನ ಮನೆಯೊಳಗೇ ಕುಳಿತು, ಹೇಳಿ ಬರಬೇಕು. ಫೋನಿನಲ್ಲಿ ಹೇಳಿದರೆ ಅದು ಸಾಲದು.